ತೃಪ್ತಿಯನ್ನು ತೂಗುವ ತಕ್ಕಡಿ

ಔತಣದ ಪಂಕ್ತಿ ಮುಗಿದು ಅತಿಥಿಗಳು ಕೈತೊಳೆಯಲು ಏಳುವ ಹೊತ್ತಿಗೆ ಮನೆಯ ಯಜಮಾನ “ಊಟ ಹೇಗಿತ್ತು?” ಎಂದು ವಿಚಾರಿಸುವುದುಂಟು. “ಚೆನ್ನಾಗಿತ್ತು” ಎಂಬುದೇ ಸಾಮಾನ್ಯವಾಗಿ ಬರುವ ಉತ್ತರ. ಆ ಒಂದು ಮಾತಿನಲ್ಲಿ ಅಡುಗೆಯವರ ಕೈಗುಣ ಎಷ್ಟು, ಉಂಡವರ ಹಸಿವು ಎಷ್ಟು, ಬಡಿಸಿದವರ ಉಪಚಾರ ಎಷ್ಟು, ಮನೆಯಿಂದ ಹೊರಡುವಾಗ ಇಟ್ಟುಕೊಂಡಿದ್ದ ನಿರೀಕ್ಷೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಪದವಿಯ ವ್ಯಾಸಂಗ ಮುಗಿಸಿ ಹೊರಡುವ ವಿದ್ಯಾರ್ಥಿಗಳಿಗೂ ಇದೇ ಬಗೆಯ ಪ್ರಶ್ನೆ ಹಾಕಿ, ಬಂದ ಉತ್ತರಗಳನ್ನು ಶೇಕಡಾ ಲೆಕ್ಕಕ್ಕೆ ಇಳಿಸಿ, ಒಂದು ಜ್ಞಾನಶಾಖೆಯೊಡನೆ ಇನ್ನೊಂದನ್ನು ಹೋಲಿಸಿ ನೋಡುವ ಪದ್ಧತಿ ಕಳೆದ ಕೆಲವು ದಶಕಗಳಲ್ಲಿ ಅನೇಕ ದೇಶಗಳಲ್ಲಿ ಬೆಳೆದಿದೆ. ಆ ಅಂಕಿಗಳನ್ನು ಓದುವುದು ಹೇಗೆ, ಅವುಗಳನ್ನು ಯಾವ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವೇಚಿಸಬೇಕೆಂದಿದ್ದೇನೆ.

ಆಸ್ಟ್ರೇಲಿಯದಲ್ಲಿ 1993ರಿಂದ ಹೊಸ ಪದವೀಧರರಿಗೆ ರಾಷ್ಟ್ರಮಟ್ಟದಲ್ಲಿ ಒಂದು ಪ್ರಶ್ನಾವಳಿಯನ್ನು ಕಳುಹಿಸುವ ಕ್ರಮ ಆರಂಭವಾಯಿತು. ಪಾಲ್ ರಾಮ್ಸ್‌ಡೆನ್ ಎಂಬ ಶಿಕ್ಷಣತಜ್ಞರು ರೂಪಿಸಿದ ಪ್ರಶ್ನಾವಳಿ ಅದು. ಬೋಧನೆ ಚೆನ್ನಾಗಿತ್ತೆ, ಗುರಿಗಳು ಸ್ಪಷ್ಟವಾಗಿದ್ದವೆ, ಕೆಲಸದ ಹೊರೆ ಹೊರಲಾಗುವಷ್ಟಿತ್ತೆ, ಪರೀಕ್ಷೆಗಳು ಬಾಯಿಪಾಠವನ್ನಷ್ಟೇ ಬೇಡಿದವೆ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಅದೇ ಜಾಡಿನಲ್ಲಿ ಬ್ರಿಟನ್ನಿನವರು 2005ರಲ್ಲಿ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆಯನ್ನು ಪ್ರಾರಂಭಿಸಿದರು. ಪದವಿಯ ಅಂತಿಮ ವರ್ಷದಲ್ಲಿರುವವರು ಇದಕ್ಕೆ ಉತ್ತರಿಸುತ್ತಾರೆ. ಈಚಿನ ವರ್ಷಗಳಲ್ಲಿ ಪ್ರತಿ ಸಲವೂ 3 ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಉತ್ತರಿಸಿದ್ದಾರೆ. ಮೊದಲ ವರ್ಷಗಳ ಪ್ರಶ್ನಾವಳಿಯಲ್ಲಿ 22 ವಾಕ್ಯಗಳಿದ್ದವು. “ಪೂರ್ಣವಾಗಿ ಒಪ್ಪುತ್ತೇನೆ” ಎಂಬುದರಿಂದ “ಖಂಡಿತ ಒಪ್ಪುವುದಿಲ್ಲ” ಎಂಬುದರವರೆಗೆ ಐದು ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತು. ಕೊನೆಯ ವಾಕ್ಯವೊಂದೇ ಪತ್ರಿಕೆಗಳ ಕಣ್ಣಿಗೆ ಬಿದ್ದದ್ದು: “ಒಟ್ಟಿನಲ್ಲಿ ನನ್ನ ವ್ಯಾಸಂಗದ ಗುಣಮಟ್ಟ ನನಗೆ ತೃಪ್ತಿ ತಂದಿದೆ.”

ಈ ಸಮೀಕ್ಷೆಯ ವರ್ಷವರ್ಷದ ಫಲಿತಾಂಶಗಳನ್ನು ನೋಡುತ್ತ ಬಂದವರಿಗೆ ಒಂದು ಸಂಗತಿ ಎದ್ದುಕಾಣುತ್ತದೆ. ಜ್ಞಾನಶಾಖೆಗಳ ನಡುವಣ ವ್ಯತ್ಯಾಸ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಉಳಿದುಬಂದಿದೆ. ಇತಿಹಾಸ, ತತ್ತ್ವಶಾಸ್ತ್ರಗಳನ್ನು ಓದಿದವರು ಬೋಧನೆಯ ಬಗ್ಗೆ ಹೆಚ್ಚು ಸಂತುಷ್ಟರು. ಚಿತ್ರಕಲೆ, ವಿನ್ಯಾಸ ಮೊದಲಾದ ಸೃಜನಶೀಲ ಕಲೆಗಳ ವಿದ್ಯಾರ್ಥಿಗಳು ವ್ಯಾಸಂಗದ ಏರ್ಪಾಡು, ವೇಳಾಪಟ್ಟಿಗಳ ವಿಷಯದಲ್ಲಿ ಅಸಮಾಧಾನ ತೋರುತ್ತಾರೆ. ದಾದಿಯರ ಶಿಕ್ಷಣದಲ್ಲಿಯೂ ಏರ್ಪಾಡಿನ ಬಗೆಗೇ ದೂರು. ವೈದ್ಯಕೀಯ ವಿದ್ಯಾರ್ಥಿಗಳು ತಮ್ಮ ವಿಷಯವನ್ನು ಮೆಚ್ಚಿಕೊಂಡರೂ, ತಾವು ಮಾಡಿದ ಕೆಲಸದ ಗುಣದೋಷಗಳನ್ನು ಅಧ್ಯಾಪಕರು ಸಕಾಲದಲ್ಲಿ ವಿವರಿಸಿ ತಿಳಿಸಲಿಲ್ಲವೆನ್ನುತ್ತಾರೆ. ಮೌಲ್ಯಮಾಪನದ ಬಗೆಗಿನ ಈ ಕೊರಗು ಕೊಂಚ ಹೆಚ್ಚುಕಡಿಮೆಯಾಗಿ ಎಲ್ಲ ಶಾಖೆಗಳಲ್ಲಿಯೂ ಇದೆ.

ಇದರಿಂದ ಇತಿಹಾಸದ ಅಧ್ಯಾಪಕರೆಲ್ಲ ಸಮರ್ಥರು, ಕಲಾಶಾಲೆಯ ಅಧ್ಯಾಪಕರೆಲ್ಲ ಅಸಮರ್ಥರು ಎಂದು ತೀರ್ಮಾನಿಸಬಹುದೆ? ಹಾಗೆ ತೀರ್ಮಾನಿಸುವ ಮೊದಲು ಆಯಾ ಶಾಸ್ತ್ರದ ಸ್ವಭಾವವನ್ನು ನೋಡಬೇಕು. ಆಂಟನಿ ಬಿಗ್ಲನ್ ಎಂಬ ಅಮೆರಿಕದ ವಿದ್ವಾಂಸರು 1973ರಲ್ಲಿ ಜ್ಞಾನಶಾಖೆಗಳನ್ನು ವರ್ಗೀಕರಿಸಿ ತೋರಿಸಿದರು. ಒಪ್ಪಿತವಾದ ಒಂದು ಚೌಕಟ್ಟಿನೊಳಗೆ ನಡೆಯುವ ಶಾಸ್ತ್ರಗಳು ಕೆಲವು, ಅಂಥ ಚೌಕಟ್ಟಿನ ಬಗ್ಗೆಯೇ ವಾದವಿವಾದ ನಡೆಯುವ ಶಾಸ್ತ್ರಗಳು ಕೆಲವು. ಅಂತೆಯೇ ಶುದ್ಧ ಶಾಸ್ತ್ರಗಳು ಕೆಲವು, ಅನ್ವಯಿಕ ಶಾಸ್ತ್ರಗಳು ಕೆಲವು. ಗಣಿತದಲ್ಲಿಯೂ ಇಂಜಿನಿಯರಿಂಗಿನಲ್ಲಿಯೂ ಜ್ಞಾನ ಕಟ್ಟಡದಂತೆ ಏರುತ್ತದೆ. ಕೆಳಗಿನ ಸಾಲು ಕೂಡದೆ ಮೇಲಿನ ಸಾಲನ್ನು ಇಡುವಂತಿಲ್ಲ. ಮೊದಲ ವರ್ಷದ ಕಲನಶಾಸ್ತ್ರ ಅರ್ಥವಾಗದವನಿಗೆ ಮೂರನೆಯ ವರ್ಷದ ಪಾಠ ಎಷ್ಟೇ ಚೆನ್ನಾಗಿದ್ದರೂ ಹೊರೆಯೇ. ಇತಿಹಾಸದ ವಿದ್ಯಾರ್ಥಿ ಒಂದು ಕಾಲಖಂಡವನ್ನು ಸರಿಯಾಗಿ ಗ್ರಹಿಸದಿದ್ದರೂ ಮುಂದಿನದನ್ನು ಹೊಸದಾಗಿ ಆರಂಭಿಸಬಹುದು. ಚರ್ಚೆಯಲ್ಲಿ ತನ್ನ ಮಾತನ್ನೂ ಸೇರಿಸಬಹುದು. ತನ್ನ ಮಾತಿಗೆ ಕಿವಿಗೊಟ್ಟ ಅಧ್ಯಾಪಕರನ್ನು ಯಾವ ವಿದ್ಯಾರ್ಥಿಯೂ ಮರೆಯುವುದಿಲ್ಲ.

ದಾದಿಯರ ಶಿಕ್ಷಣದ ಒಂದು ದೊಡ್ಡ ಭಾಗ ಆಸ್ಪತ್ರೆಯಲ್ಲಿ ನಡೆಯುವಂಥದು. ಪಾಳಿಗಳು ಬದಲಾದರೆ, ದೂರದ ಆಸ್ಪತ್ರೆಗೆ ಹೋಗಿಬರಬೇಕಾದರೆ ಅದರ ಕಷ್ಟವೆಲ್ಲ ಕಾಲೇಜಿನ ಲೆಕ್ಕಕ್ಕೇ ಸೇರುತ್ತದೆ. ಆಸ್ಪತ್ರೆಯ ವ್ಯವಸ್ಥೆ ಕಾಲೇಜಿನ ಪ್ರಾಧ್ಯಾಪಕರ ಕೈಯಲ್ಲಿಲ್ಲ. ಅಸಮಾಧಾನಕ್ಕೆ ಉತ್ತರ ಹೇಳಬೇಕಾದವರು ಮಾತ್ರ ಅವರೇ. ಶಿಲ್ಪವನ್ನೋ ವಿನ್ಯಾಸವನ್ನೋ ಕಲಿಯುವವನಿಗೆ ಬೇಕಾದುದು ಜಾಗ, ಸಾಮಗ್ರಿ, ಬಿಡುವಾದ ವೇಳೆ. ಗಂಟೆಗಂಟೆಗೆ ಭಾಗಿಸಿದ ವೇಳಾಪಟ್ಟಿಗೆ ಆ ಕೆಲಸ ಒಗ್ಗುವುದೇ ಕಷ್ಟ. ಹೀಗೆ ಪ್ರಶ್ನೆ ಒಂದೇ ಆದರೂ ಪ್ರತಿಯೊಂದು ಶಾಖೆಯಲ್ಲಿ ಅದು ಬೇರೆಯ ಅನುಭವವನ್ನು ತಟ್ಟುತ್ತದೆ.

ಇದನ್ನು ಮರೆತು ಒಟ್ಟು ಮೊತ್ತವನ್ನೇ ಹೋಲಿಸಿದರೆ ಎಂಥ ಅವಾಂತರವಾದೀತೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ. ಎರಡು ವಿಶ್ವವಿದ್ಯಾನಿಲಯಗಳಿವೆಯೆಂದು ಭಾವಿಸೋಣ. ಎರಡರಲ್ಲಿಯೂ ಸಾವಿರ ವಿದ್ಯಾರ್ಥಿಗಳು. ಮೊದಲನೆಯದರಲ್ಲಿ 800 ಮಂದಿ ಇತಿಹಾಸದವರು, 200 ಮಂದಿ ಇಂಜಿನಿಯರಿಂಗಿನವರು. ಇತಿಹಾಸದವರಲ್ಲಿ ಶೇಕಡಾ 85 ಮಂದಿ, ಇಂಜಿನಿಯರಿಂಗಿನವರಲ್ಲಿ ಶೇಕಡಾ 70 ಮಂದಿ ತೃಪ್ತರು. ಎರಡನೆಯದರಲ್ಲಿ ಇತಿಹಾಸದವರು 200, ಇಂಜಿನಿಯರಿಂಗಿನವರು 800. ಅಲ್ಲಿ ಇತಿಹಾಸದವರಲ್ಲಿ ಶೇಕಡಾ 90, ಇಂಜಿನಿಯರಿಂಗಿನವರಲ್ಲಿ ಶೇಕಡಾ 75 ಮಂದಿ ತೃಪ್ತರು. ಶಾಖೆಶಾಖೆಯಾಗಿ ನೋಡಿದರೆ ಎರಡೂ ಕಡೆ ಎರಡನೆಯ ವಿಶ್ವವಿದ್ಯಾನಿಲಯವೇ ಮೇಲು. ಕೂಡಿ ನೋಡಿದರೆ ಮೊದಲನೆಯದರಲ್ಲಿ ತೃಪ್ತರಾದವರು 820 ಮಂದಿ. ಎರಡನೆಯದರಲ್ಲಿ 780 ಮಂದಿ ಮಾತ್ರ. ಎರಡು ಶಾಖೆಗಳಲ್ಲಿಯೂ ಗೆದ್ದದ್ದು ಒಟ್ಟು ಲೆಕ್ಕದಲ್ಲಿ ಸೋತಿತು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಕೂಡುವುದರಲ್ಲಿಯೂ ತಪ್ಪಿಲ್ಲ. ಹೋಲಿಕೆಯ ಕ್ರಮವೇ ತಪ್ಪು.

ಇದು ಬರಿಯ ಲೆಕ್ಕದ ವಿನೋದವಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ಅಂಕಿಗಳ ಹಿಂದೆ ಮನುಷ್ಯರ ಬಾಳು ಇದೆ. ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಟ್ಟ ಅಂಕಗಳನ್ನು, 14 ಸಾವಿರಕ್ಕೂ ಮಿಕ್ಕ ತರಗತಿಗಳಿಂದ ತೆಗೆದು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಗಣಿತ, ಸಂಖ್ಯಾಶಾಸ್ತ್ರಗಳಂಥ ಲೆಕ್ಕಪ್ರಧಾನ ವಿಷಯಗಳನ್ನು ಬೋಧಿಸುವವರಿಗೆ ಇತರರಿಗಿಂತ ಸ್ಪಷ್ಟವಾಗಿ ಕಡಮೆ ಅಂಕ ಬರುತ್ತಿದ್ದುದು ಅದರಲ್ಲಿ ಕಂಡುಬಂದಿತು. ಎಲ್ಲರಿಗೂ ಒಂದೇ ಗೆರೆ ಎಳೆದು, ಅದಕ್ಕಿಂತ ಕೆಳಗಿದ್ದವರಿಗೆ ಬಡ್ತಿ ಇಲ್ಲವೆಂದರೆ ದಂಡ ತೆರುವವರು ಕೆಟ್ಟ ಅಧ್ಯಾಪಕರಲ್ಲ, ಕಠಿನ ವಿಷಯದ ಅಧ್ಯಾಪಕರು. ಅಂಥವರು ಕ್ರಮೇಣ ಪಾಠವನ್ನು ಹಗುರ ಮಾಡಿ, ಪ್ರಶ್ನೆಪತ್ರಿಕೆಯನ್ನು ಸುಲಭ ಮಾಡಿ ತೃಪ್ತಿಯನ್ನು ಗಳಿಸಲು ಹೊರಟರೆ ಅವರನ್ನು ದೂರುವುದು ಹೇಗೆ? ನಷ್ಟವಾಗುವುದು ತೃಪ್ತನಾಗಿ ಹೊರಟ ಆ ವಿದ್ಯಾರ್ಥಿಗೇ.

ಬ್ರಿಟನ್ನಿನಲ್ಲಿ 2017ರಲ್ಲಿ ಈ ಸಮೀಕ್ಷೆಯ ಅಂಕಿಗಳನ್ನೂ ಬಳಸಿಕೊಂಡು ವಿಶ್ವವಿದ್ಯಾನಿಲಯಗಳಿಗೆ ಚಿನ್ನ, ಬೆಳ್ಳಿ, ಕಂಚು ಎಂಬ ದರ್ಜೆಗಳನ್ನು ಕೊಟ್ಟರು. ಬೋಧನಾಶುಲ್ಕಕ್ಕೂ ಈ ದರ್ಜೆಗೂ ಗಂಟುಹಾಕುವುದನ್ನು ಪ್ರತಿಭಟಿಸಿ ವಿದ್ಯಾರ್ಥಿ ಸಂಘಟನೆ ಆ ವರ್ಷ ಸಮೀಕ್ಷೆಯನ್ನೇ ಬಹಿಷ್ಕರಿಸಲು ಕರೆಕೊಟ್ಟಿತು. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿದಂತೆ ಹಲವು ಕಡೆ ಅರ್ಧದಷ್ಟು ಉತ್ತರಗಳೂ ಬಾರದೆ ಅವುಗಳ ಫಲಿತಾಂಶ ಪ್ರಕಟವಾಗಲಿಲ್ಲ. ಆದರೂ ಆ ದರ್ಜೆ ಕೊಟ್ಟವರು ಒಂದು ವಿವೇಕವನ್ನು ತೋರಿದ್ದರೆಂಬುದನ್ನು ಹೇಳಬೇಕು. ಪ್ರತಿಯೊಂದು ಸಂಸ್ಥೆಯ ಅಂಕಿಯನ್ನು ಅಲ್ಲಿ ಬೋಧಿಸುವ ವಿಷಯಗಳಿಗೂ ಅಲ್ಲಿನ ವಿದ್ಯಾರ್ಥಿವರ್ಗಕ್ಕೂ ತಕ್ಕ ಅಳತೆಗೋಲಿನೊಡನೆ ಹೋಲಿಸಿದ್ದರು. ಇತಿಹಾಸವನ್ನು ಇತಿಹಾಸದೊಡನೆ, ಇಂಜಿನಿಯರಿಂಗನ್ನು ಇಂಜಿನಿಯರಿಂಗಿನೊಡನೆ ಇಟ್ಟು ನೋಡುವುದೇ ಇದರ ಸಾರ.

“ಒಟ್ಟು ತೃಪ್ತಿ” ಎಂಬ ಮಾತು ಹೊರಗಿನ ಬಿಸಿಲುಮಳೆಗೂ ಬಾಗುವಂಥದು. 2020ರಲ್ಲಿ ಶೇಕಡಾ 83ರಷ್ಟಿದ್ದ ಅದು ಮಹಾಮಾರಿಯ ಕಾಲದ 2021ರಲ್ಲಿ 75ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ದೇಶದ ಅಧ್ಯಾಪಕರೆಲ್ಲ ಬೋಧನೆಯನ್ನು ಮರೆತಿರಲಿಲ್ಲ. ಗ್ರಂಥಾಲಯ, ಪ್ರಯೋಗಾಲಯಗಳ ಬಾಗಿಲು ಮುಚ್ಚಿತ್ತು. ಕಲಿಕೆಯ ಸಾಧನಗಳ ಬಗೆಗಿನ ಉತ್ತರಗಳು ಹೆಚ್ಚು ಕುಸಿದದ್ದು ಇದಕ್ಕೆ ಸಾಕ್ಷಿ. 2023ರಲ್ಲಿ ಪ್ರಶ್ನಾವಳಿಯನ್ನು ಪರಿಷ್ಕರಿಸಿದಾಗ ಇಂಗ್ಲೆಂಡಿನ ಮಟ್ಟಿಗೆ ಒಟ್ಟು ತೃಪ್ತಿಯ ಪ್ರಶ್ನೆಯನ್ನೇ ಕೈಬಿಟ್ಟರು. ಅಧ್ಯಾಪಕರು ಎಷ್ಟು ಚೆನ್ನಾಗಿ ವಿವರಿಸುತ್ತಾರೆ, ಅವರನ್ನು ಭೇಟಿಮಾಡುವುದು ಎಷ್ಟು ಸುಲಭ ಎಂಬಂಥ ನೇರ ಪ್ರಶ್ನೆಗಳನ್ನು ಕೇಳತೊಡಗಿದರು. ಅಮೆರಿಕದಲ್ಲಿ 2000ದಿಂದ ನಡೆದುಬಂದಿರುವ ಇನ್ನೊಂದು ಸಮೀಕ್ಷೆ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ತೃಪ್ತಿಗಿಂತ ಹೆಚ್ಚಾಗಿ ವಿದ್ಯಾರ್ಥಿ ಏನು ಮಾಡಿದ ಎಂಬುದನ್ನೇ ಕೇಳುತ್ತದೆ: ವಾರಕ್ಕೆ ಎಷ್ಟು ಗಂಟೆ ಓದಿದೆ, ಎಷ್ಟು ಬರೆದೆ, ಅಧ್ಯಾಪಕರೊಡನೆ ತರಗತಿಯ ಹೊರಗೆ ಎಷ್ಟು ಬಾರಿ ಚರ್ಚಿಸಿದೆ? ಇಂಥ ಉತ್ತರಗಳಿಂದ ಒಂದು ವಿಭಾಗವನ್ನು ತಿದ್ದಬಹುದು. “ನನಗೆ ತೃಪ್ತಿಯಿಲ್ಲ” ಎಂಬುದರಿಂದ ಎಲ್ಲಿ ತಿದ್ದಬೇಕೆಂದು ತಿಳಿಯದು.

ಈ ಮಾತು ಕನ್ನಡ ನಾಡಿಗೂ ಅನ್ವಯಿಸುತ್ತದೆ; ನಮ್ಮಲ್ಲಿ ಇದರ ತೊಡಕು ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಕೇಂದ್ರಕಚೇರಿಯಿರುವ, 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 2017ರಲ್ಲಿ ತನ್ನ ಕ್ರಮವನ್ನು ಪರಿಷ್ಕರಿಸಿದಾಗ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನೂ ಅದರಲ್ಲಿ ಸೇರಿಸಿತು. ಇತ್ತ ನಮ್ಮ ರಾಜ್ಯದಲ್ಲಿ ಜ್ಞಾನಶಾಖೆಗಳು ಒಂದೊಂದೂ ಒಂದೊಂದು ವಿಶ್ವವಿದ್ಯಾನಿಲಯಕ್ಕೆ ಹಂಚಿಹೋಗಿವೆ. ವೈದ್ಯಕೀಯ, ದಾದಿಯರ ಶಿಕ್ಷಣಗಳಿಗೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂದಿತು. ಇಂಜಿನಿಯರಿಂಗಿಗೆ 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ, ಕಾನೂನಿಗೆ 2009ರಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾನಿಲಯ. ಇವುಗಳನ್ನು ಮೈಸೂರು, ಧಾರವಾಡಗಳ ಹಳೆಯ ವಿಶ್ವವಿದ್ಯಾನಿಲಯಗಳೊಡನೆ ಒಂದೇ ಪಟ್ಟಿಯಲ್ಲಿಟ್ಟು ವಿದ್ಯಾರ್ಥಿಗಳ ತೃಪ್ತಿಯನ್ನು ಹೋಲಿಸಿದರೆ, ಸಂಸ್ಥೆಗಳನ್ನು ಹೋಲಿಸಿದೆವೆಂದು ನಾವು ತಿಳಿದರೂ ನಿಜವಾಗಿ ಹೋಲಿಸಿದ್ದು ಶಾಸ್ತ್ರಗಳ ಸ್ವಭಾವವನ್ನು. ಇದಲ್ಲದೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಓದುವ ವಿಷಯವನ್ನು ತಾವಾಗಿ ಆರಿಸಿಕೊಂಡವರಲ್ಲ. ತಂದೆತಾಯಿಗಳ ಆಸೆಗಾಗಿ ಇಂಜಿನಿಯರಿಂಗ್ ಸೇರಿದವನ ಅತೃಪ್ತಿಯೂ, ಬೇರೆಲ್ಲೂ ಸ್ಥಳ ಸಿಗದೆ ಬಿ.ಎ.ಗೆ ಬಂದವಳು ಸಾಹಿತ್ಯದಲ್ಲಿ ಕಂಡುಕೊಂಡ ಅನಿರೀಕ್ಷಿತ ಸಂತೋಷವೂ ಒಂದೇ ಕೋಷ್ಟಕದಲ್ಲಿ ಕೇವಲ ಅಂಕಿಗಳಾಗಿ ಕೂರುತ್ತವೆ.

ಹಾಗೆಂದು ವಿದ್ಯಾರ್ಥಿಗಳನ್ನು ಕೇಳುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಮೂರುನಾಲ್ಕು ವರ್ಷ ಬೆಂಚಿನ ಮೇಲೆ ಕುಳಿತವರಿಗೆ ತಿಳಿದಷ್ಟು ಪರಿಶೀಲನೆಗೆ ಬಂದುಹೋಗುವ ತಜ್ಞರ ತಂಡಕ್ಕೆ ತಿಳಿಯಲಾರದು. ಕೇಳುವುದನ್ನು ಬಿಡಿಬಿಡಿಯಾಗಿ ಕೇಳಬೇಕು. ಹೋಲಿಸುವಾಗ ಒಂದು ವಿಭಾಗವನ್ನು ಬೇರೆಡೆಯ ಅದೇ ವಿಭಾಗದೊಡನೆಯೋ, ಅದರದೇ ಹಿಂದಿನ ವರ್ಷಗಳೊಡನೆಯೋ ಹೋಲಿಸಬೇಕು. ಉತ್ತರ ಕೊಟ್ಟವರು ಎಷ್ಟು ಮಂದಿಯೆಂಬುದನ್ನು ಮೊದಲು ನೋಡಬೇಕು. ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸುವ ತಂದೆತಾಯಿಗಳಿಗೆ ನನ್ನ ಸೂಚನೆ ಇಷ್ಟೆ. ಯಾವ ಶಾಸ್ತ್ರ ಓದಬೇಕೆಂಬುದನ್ನು ಈ ಪಟ್ಟಿಗಳಿಂದ ನಿರ್ಧರಿಸಬೇಡಿ. ಅದನ್ನು ಮಕ್ಕಳ ಒಲವಿಗೂ ಶಕ್ತಿಗೂ ಬಿಡಿ. ಶಾಸ್ತ್ರ ಗೊತ್ತಾದ ಮೇಲೆ, ಅದನ್ನು ಎಲ್ಲಿ ಓದಬೇಕೆಂದು ಯೋಚಿಸುವಾಗ ಪಟ್ಟಿಯನ್ನು ತೆರೆಯಿರಿ. ಆಗ ಒಟ್ಟು ಅಂಕಿಯನ್ನು ಬದಿಗಿಟ್ಟು, ತಿದ್ದಿದ ಉತ್ತರಪತ್ರಿಕೆಗಳು ಸಕಾಲಕ್ಕೆ ಕೈಸೇರುತ್ತವೆಯೆ, ಸಂದೇಹ ಕೇಳಲು ಅಧ್ಯಾಪಕರು ಸಿಗುತ್ತಾರೆಯೆ ಎಂಬ ಸಾಲುಗಳನ್ನು ನೋಡಿ.