ಕಿಟಕಿ ಸೀಟು ಬೇಕಾ? ಮೊದಲು ದಿಕ್ಕು ನೋಡಿ



ಬಸ್ಸು ಹತ್ತಿದ ಕೂಡಲೇ ಕಿಟಕಿ ಪಕ್ಕದ ಸೀಟಿಗೆ ಓಡುವವರು ನೀವು, ಅಲ್ವಾ? ಆದರೆ ಯಾವ ಬದಿಯ ಕಿಟಕಿ? ಇದನ್ನು ಯೋಚಿಸದೆ ನಾನೊಮ್ಮೆ ಪೇಚಿಗೆ ಸಿಕ್ಕಿದ ಕಥೆ ಕೇಳಿ.

ಏಪ್ರಿಲ್ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ಮಂಗಳೂರಿನಿಂದ ಮುಂಬೈಗೆ ಬೆಳಗಿನ ವಿಮಾನದಲ್ಲಿ ಹೊರಟೆ. ಅಮ್ಮನಿಗೆ ಅದೇ ಮೊದಲ ವಿಮಾನ. "ಮೇಲಿಂದ ಕಡಲು ಹೇಗೆ ಕಾಣ್ತದೆ ಅಂತ ಒಮ್ಮೆ ನೋಡ್ಬೇಕು" ಎಂಬುದೊಂದೇ ಅವರ ಆಸೆ. ನಾನು ಸುಮ್ಮನೆ ಮಧ್ಯದ ಸಾಲಿನ ‘ಎಫ್’ ಸೀಟು ಆರಿಸಿದ್ದೆ. ಕೆಳಗೆ ನೋಡಿದರೆ ಅಗಲವಾದ ರೆಕ್ಕೆ, ಹೊರಗೆ ಕಣ್ಣು ಕುಕ್ಕುವ ಸೂರ್ಯ. ಆಚೆ ಬದಿಯಲ್ಲಿ ಪುಟ್ಟ ಹುಡುಗನೊಬ್ಬ "ಸಮುದ್ರ! ಸಮುದ್ರ!" ಎಂದು ಕುಣಿಯುತ್ತಿದ್ದ. ಅಮ್ಮ ಕಿಟಕಿಯ ಮುಚ್ಚಳ ಎಳೆದು ಸುಮ್ಮನೆ ಕೂತರು. ವಿಜ್ಞಾನದ ಮಾಸ್ಟ್ರು ನಾನು; ನಾಚಿಕೆಯಾಯಿತು.

ಮೂರು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು.

1. ಯಾವ ದಿಕ್ಕಿಗೆ ಪ್ರಯಾಣ? ಅಟ್ಲಾಸ್‌ನಲ್ಲಿ ಮಂಗಳೂರಿಗೂ ಮುಂಬೈಗೂ ಸ್ಕೇಲ್ ಇಟ್ಟು ನೋಡಿ. ನೇರ ದೂರ ಸುಮಾರು 700 ಕಿ.ಮೀ.; ಗೆರೆ ಉತ್ತರಕ್ಕೆ ಹೋಗುತ್ತಾ ತುಸು ಪಶ್ಚಿಮಕ್ಕೆ ವಾಲುತ್ತದೆ. ಉತ್ತರಕ್ಕೆ ಮುಖ ಮಾಡಿದರೆ ಎಡಗಡೆ ಪಶ್ಚಿಮ, ಅಂದರೆ ಅರಬ್ಬೀ ಸಮುದ್ರ. ಬಲಗಡೆ ಸಹ್ಯಾದ್ರಿ. ಸಾಲಿಗೆ ಆರು ಸೀಟು ಇರುವ ವಿಮಾನದಲ್ಲಿ ‘ಎ’ ಎಡಗಡೆಯ ಕಿಟಕಿ, ‘ಎಫ್’ ಬಲಗಡೆಯದ್ದು.

2. ಸೂರ್ಯ ಎಲ್ಲಿ? ಬೆಳಿಗ್ಗೆ ಪೂರ್ವದಲ್ಲಿ. ಉತ್ತರಕ್ಕೆ ಹೋಗುವಾಗ ಅದು ಬಲಗಡೆ. ಸೂರ್ಯನಿಗೆ ವಿರುದ್ಧ ಬದಿಯಲ್ಲಿ ಕೂತರೆ ನೆಲ, ನೀರು ಸ್ಪಷ್ಟವಾಗಿ ಕಾಣುತ್ತವೆ. ಇನ್ನೊಂದು ಲಾಭವೂ ಉಂಟು. ವಿಮಾನದ ನೆರಳು ಮೋಡದ ಮೇಲೆ ಬಿದ್ದಾಗ ಅದರ ಸುತ್ತ ಬಣ್ಣದ ಬಳೆ ಕಾಣಬಹುದು. ಇದರ ಹೆಸರು ‘ಗ್ಲೋರಿ’. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಕ್ಕೆ ಕಳಿಸುವುದರಿಂದ ಹೀಗಾಗುತ್ತದೆ. ಸೂರ್ಯನ ಬದಿಯಲ್ಲಿ ಕೂತವರಿಗೆ ಇದು ಕಾಣುವುದಿಲ್ಲ.

3. ರೆಕ್ಕೆ ಎಲ್ಲಿ? ರೆಕ್ಕೆಗಿಂತ ಮುಂದಿನ ಸಾಲು ಒಳ್ಳೆಯದು. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಯ ಮೂಲಕ ನೋಡಬೇಕಾಗುತ್ತದೆ. ಬಿಸಿಗಾಳಿ ಮತ್ತು ತಣ್ಣನೆಯ ಗಾಳಿಯ ಸಾಂದ್ರತೆ ಬೇರೆ ಬೇರೆ. ಬೆಳಕು ಬಾಗುತ್ತದೆ, ದೃಶ್ಯ ನಡುಗುತ್ತದೆ. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ನೀವು ನೋಡಿದ್ದೂ ಇದನ್ನೇ, ವಕ್ರೀಭವನ.

ಮೇಲಿಂದ ಎಷ್ಟು ದೂರ ಕಾಣಬಹುದು? ಪೈಥಾಗೊರಸ್ ಪ್ರಮೇಯ ಸಾಕು. ಭೂಮಿಯ ತ್ರಿಜ್ಯ 6,371 ಕಿ.ಮೀ., ವಿಮಾನದ ಎತ್ತರ 10 ಕಿ.ಮೀ. ಎಂದಿಟ್ಟುಕೊಳ್ಳಿ. 2 × 6,371 × 10 ಇದರ ವರ್ಗಮೂಲ ತೆಗೆಯಿರಿ: ಸುಮಾರು 357. ಅಂದರೆ ದಿಗಂತ 357 ಕಿ.ಮೀ. ದೂರ! ಗಾಳಿಯಲ್ಲಿ ಧೂಳು, ಮಂಜು ಇದ್ದರೆ ಅಷ್ಟು ಕಾಣುವುದಿಲ್ಲ, ಆ ಮಾತು ಬೇರೆ.

ನಾಲ್ಕು ದಿನ ಬಿಟ್ಟು ವಾಪಸ್ ಬರುವಾಗಲೂ ಬೆಳಗಿನ ವಿಮಾನವೇ. ಈ ಸಲ ಲೆಕ್ಕ ಹಾಕಿದೆ. ದಕ್ಷಿಣಕ್ಕೆ ಪ್ರಯಾಣ, ಸೂರ್ಯ ಎಡಕ್ಕೆ, ಸಮುದ್ರ ಬಲಕ್ಕೆ. ಮತ್ತೆ ‘ಎಫ್’ ಸೀಟೇ, ಆದರೆ ಮುಂದಿನ ಸಾಲು. ಹೋಗುವಾಗ ತಪ್ಪಾಗಿದ್ದ ಅಕ್ಷರವೇ ಬರುವಾಗ ಸರಿಯಾಯಿತು! ಅಮ್ಮ ಗಾಜಿಗೆ ಹಣೆ ತಾಗಿಸಿ ಕೂತವರು ಕದಲಲಿಲ್ಲ. ತೆರೆಗಳ ಬಿಳಿ ಗೆರೆ ನೂಲು ಎಳೆದ ಹಾಗೆ ಉದ್ದಕ್ಕೂ ಇತ್ತು. "ಇಷ್ಟು ದೊಡ್ಡ ಕಡಲನ್ನಾ ನಾವು ಇಷ್ಟು ವರ್ಷ ತುಂಡು ತುಂಡು ನೋಡಿದ್ದು?" ಎಂದರು.

"ನಾವು ವಿಮಾನ ಹತ್ತುವುದು ಯಾವಾಗ ಸರ್?" ಎನ್ನಬೇಡಿ. ಬಸ್ಸಿಗೂ ರೈಲಿಗೂ ಇದೇ ಲೆಕ್ಕ. ನಿಮಗೊಂದು ಪ್ರಶ್ನೆ: ಬೆಳಿಗ್ಗೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ, ನೇತ್ರಾವತಿ ಸೇತುವೆಯಿಂದ ಕಡಲಿನ ಕಡೆ ನೋಡಬೇಕಾದರೆ ಯಾವ ಬದಿಯಲ್ಲಿ ಕೂರಬೇಕು? ಆಗ ಬಿಸಿಲು ಯಾವ ಬದಿಗೆ? ಬೇರೆ ಊರಿನವರು ನಿಮ್ಮೂರ ಬಸ್ಸಿನ ದಾರಿಯನ್ನೇ ತೆಗೆದುಕೊಳ್ಳಿ. ಅಟ್ಲಾಸ್ ನೋಡಿ, ಉತ್ತರ ಬರೆಯಿರಿ, ಆಮೇಲೆ ಹೋಗಿ ಕೂತು ಪರೀಕ್ಷಿಸಿ.