ದುಃಖಕ್ಕೂ ಬಿಡುವು ಬೇಕು

ಮನೆಯವರೊಬ್ಬರು ಆತ್ಮಹತ್ಯೆಯಿಂದ ತೀರಿಕೊಂಡಾಗ ಉಳಿದವರನ್ನು ದುಃಖದಷ್ಟೇ ಕಾಡುವುದು ಒಂದು ಪ್ರಶ್ನೆ: ‘ನನಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ?’ ಉತ್ತರಿಸಬೇಕಾದವರೇ ಇಲ್ಲ. ಮನಸ್ಸು ಕೊನೆಯ ಫೋನ್ ಕರೆ, ಕೊನೆಯ ಜಗಳವನ್ನು ಮತ್ತೆ ಮತ್ತೆ ಕೆದಕುತ್ತದೆ. ಜೊತೆಗೆ ಊರಿನವರ ಪಿಸುಮಾತು. ಇಂಥ ಹೊತ್ತಿನಲ್ಲಿ ಸಿನಿಮಾ ನೋಡಿ ನಕ್ಕರೂ, ಗೆಳೆಯರೊಡನೆ ಕೇರಂ ಆಡಿದರೂ ತೀರಿಕೊಂಡವರಿಗೆ ದ್ರೋಹ ಬಗೆದಂತೆ ಅನಿಸುತ್ತದೆ. ಅದು ದ್ರೋಹವಲ್ಲ ಎನ್ನುತ್ತದೆ ಮನೋವಿಜ್ಞಾನ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ದುಃಖದ ನಡೆಯನ್ನು ಹೊಸದಾಗಿ ವಿವರಿಸಿದರು. ದುಃಖಿಸುವವರು ಒಮ್ಮೆ ಅಗಲಿಕೆಯ ನೋವಿಗೆ ಮುಖ ಕೊಡುತ್ತಾರೆ, ಇನ್ನೊಮ್ಮೆ ಮುಂದಿನ ಬದುಕಿನ ಕೆಲಸಗಳತ್ತ ತಿರುಗುತ್ತಾರೆ. ಎರಡರ ನಡುವಿನ ಈ ಓಡಾಟವೇ ಚೇತರಿಕೆಯ ದಾರಿ. ನಡುವೆ ಎರಡರಿಂದಲೂ ಬಿಡುವು ಬೇಕು. ಹಿಂದೆ ದಾರಿಬದಿಯಲ್ಲಿ ತಲೆಹೊರೆ ಇಳಿಸಲು ಕಲ್ಲುಕಟ್ಟೆಗಳಿರುತ್ತಿದ್ದವು. ಅಲ್ಲಿ ದಣಿವಾರಿಸಿಕೊಂಡವರು ಹೊರೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ದುಃಖದಿಂದ ಪಡೆಯುವ ಬಿಡುವೂ ಹಾಗೆಯೇ.

ಹವ್ಯಾಸ ಹೇಗೆ ನೆರವಾಗುತ್ತದೆ? ನಮ್ಮ ಗಮನಕ್ಕೊಂದು ಮಿತಿಯಿದೆ. ಕೈಗೂ ಕಣ್ಣಿಗೂ ಕೆಲಸ ಕೊಡುವ ಹೊಲಿಗೆ, ತೋಟಗಾರಿಕೆ, ತಬಲಾ ಅಭ್ಯಾಸಗಳು ‘ಹಾಗೆ ಮಾಡಿದ್ದರೆ’ ಎಂಬ ಯೋಚನೆಯ ಸುಳಿಯನ್ನು ಸ್ವಲ್ಪ ಹೊತ್ತಾದರೂ ತಡೆಯುತ್ತವೆ. ದಿನವೂ ನಡೆದಾಡಿದರೆ ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ, ನಿದ್ದೆಗೂ ಒಳ್ಳೆಯದು. ಭಜನಾ ಮಂಡಳಿಯಲ್ಲೋ ವಾಲಿಬಾಲ್ ಅಂಗಳದಲ್ಲೋ ಯಾವ ಪ್ರಶ್ನೆಗೂ ಉತ್ತರಿಸದೆ ಜನರ ನಡುವೆ ಇರಬಹುದು. ಕಳಂಕಕ್ಕೆ ಅಂಜಿ ಬಾಗಿಲು ಹಾಕಿಕೊಂಡವರಿಗೆ ಇದು ದೊಡ್ಡ ಆಸರೆ. ಅಮೆರಿಕದ ಡಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡವರ ಪೈಕಿ ಅವರ ಬಗ್ಗೆ ಮಾತಾಡುತ್ತ ಮನಸಾರೆ ನಕ್ಕವರಲ್ಲಿ ಸಿಟ್ಟು ಕಡಿಮೆಯಿತ್ತು, ಇತರರೊಡನೆ ಒಡನಾಟವೂ ಚೆನ್ನಾಗಿತ್ತು.

ಎಲ್ಲ ಬಿಡುವೂ ಮದ್ದಲ್ಲ. ಕುಡಿತದಲ್ಲಿ ಮುಳುಗುವುದು, ನೋವಿನ ನೆನಪೇ ಬಾರದಂತೆ ಹಗಲುರಾತ್ರಿ ಮೊಬೈಲ್ ಹಿಡಿಯುವುದು ದುಃಖವನ್ನು ಮುಂದೂಡುತ್ತವೆ ಅಷ್ಟೆ. ಜೊತೆಯಾಗಿ ಆಡುತ್ತಿದ್ದ ಆಟ, ಹೋಗುತ್ತಿದ್ದ ಜಾತ್ರೆ ಮೊದಮೊದಲು ನೋವನ್ನೇ ಹೆಚ್ಚಿಸಬಹುದು. ಆಗ ಅವಸರ ಬೇಡ. ಕೆಲವರಿಗೆ ತೀರಿಕೊಂಡವರ ಹೂಗಿಡಗಳಿಗೆ ನೀರೆರೆಯುವುದೇ ಅವರೊಡನೆ ನಂಟು ಉಳಿಸಿಕೊಳ್ಳುವ ಬಗೆಯಾಗುತ್ತದೆ.

ಬಂಧುಗಳೇ, ನೆರೆಯವರೇ, ದುಃಖದಲ್ಲಿರುವವರು ನಕ್ಕಾಗ ಹುಬ್ಬೇರಿಸಬೇಡಿ. ‘ಬನ್ನಿ, ಸ್ವಲ್ಪ ನಡೆದು ಬರೋಣ’ ಎಂದು ಕರೆಯಿರಿ. ಇಂಥ ಸಾವು ಕಂಡ ಮನೆಯವರಲ್ಲೂ ಆತ್ಮಹತ್ಯೆಯ ಯೋಚನೆ ಬರುವ ಅಪಾಯ ಹೆಚ್ಚು. ಬದುಕು ಬೇಡವೆನಿಸಿದರೆ ಹವ್ಯಾಸವೊಂದನ್ನೇ ನೆಚ್ಚಿಕೊಳ್ಳದೆ ಕೂಡಲೇ ವೈದ್ಯರನ್ನು ಕಾಣಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.