ಎಂಜಿನ್ ಕವಚ ಬದಲಾದಾಗ

ಮನೆಯ ಬಾಗಿಲಿನ ತಿರುಗಣಿ ಸವೆದರೆ ಬಾಗಿಲು ಕಿರುಗುಟ್ಟುತ್ತದೆ, ಅಷ್ಟೆ. ಮೋಟಾರ್ ಸೈಕಲ್ಲಿನ ತಿರುಗಣಿ ಸವೆದರೆ ಸವಾರನ ಪ್ರಾಣಕ್ಕೇ ಸಂಚಕಾರ. ಎಂಜಿನ್ನಿನ ಗುಡುಗಿಗೆ ಮಾರುಹೋಗುವ ತರುಣರಲ್ಲಿ ಈ ಪುಟ್ಟ ಕೀಲಿನತ್ತ ಕಣ್ಣು ಹಾಯಿಸುವವರೆಷ್ಟು ಮಂದಿ?

ಹಿಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲಿಗೆ ‘ಸ್ವಿಂಗಿಂಗ್ ಆರ್ಮ್’ ಎಂದು ಹೆಸರು, ತೂಗುತೋಳು ಎನ್ನಬಹುದು. ಹಳ್ಳತಿಟ್ಟುಗಳಲ್ಲಿ ಚಕ್ರವು ಏರಿಳಿಯುವಂತೆ ಅದರ ಮುಂದಿನ ತುದಿಯನ್ನು ಕೀಲಿಗೆ ಸಿಕ್ಕಿಸಿರುತ್ತಾರೆ. ಕೀಲು ಮೇಲೆ ಕೆಳಗೆ ಆಡಬೇಕು, ಪಕ್ಕಕ್ಕೆ ಅಲುಗಲಾಗದು. 200 ಮಿಲಿಮೀಟರ್ ಅಗಲದ ಕೀಲಿನಲ್ಲಿ ಎಳ್ಳಷ್ಟು ಸಡಿಲವಿದ್ದರೂ, 500 ಮಿಲಿಮೀಟರ್ ಹಿಂದಿರುವ ಚಕ್ರದಲ್ಲಿ ಅದು ಎರಡೂವರೆ ಪಟ್ಟಾಗುತ್ತದೆ. ವೇಗದಲ್ಲಿ ತಿರುವು ತೆಗೆದುಕೊಳ್ಳುವಾಗ ವಾಹನ ಓಲಾಡುವುದು ಆಗಲೇ.

ಬಹುಪಾಲು ವಾಹನಗಳಲ್ಲಿ ಈ ಕೀಲು ಚೌಕಟ್ಟಿನಲ್ಲಿರುತ್ತದೆ. ಆದರೆ 1946ರ ಇಂಗ್ಲೆಂಡಿನ ‘ವಿನ್ಸೆಂಟ್ ರಾಪಿಡ್’ನಲ್ಲಿ ಎಂಜಿನ್ನೇ ಚೌಕಟ್ಟಿನ ಭಾರವನ್ನು ಹೊತ್ತು, ಹಿಂದಿನ ಕೀಲಿಗೂ ಆಶ್ರಯವಿತ್ತಿತು. 1970ರ ದಶಕದ ಕೊನೆಯಲ್ಲಿ ಇಟಲಿಯ ಡುಕಾಟಿ ಕಾರ್ಖಾನೆಯ ಫಾಬಿಯೊ ತಾಲ್ಯೋನಿ ರೂಪಿಸಿದ ‘ಪಾಂಟಾ’ದಲ್ಲಿಯೂ ತೂಗುತೋಳಿನ ಕೀಲು ಎಂಜಿನ್ನಿನ ಅಲ್ಯೂಮಿನಿಯಂ ಕವಚದ ಹಿಂಭಾಗದಲ್ಲಿಯೇ ಇದೆ. ಸರಪಳಿಯ ಹಲ್ಲುಚಕ್ರಕ್ಕೆ ಕೀಲು ಸಮೀಪವಾದುದರಿಂದ ಸರಪಳಿಯ ಬಿಗಿತ ಹೆಚ್ಚು ಏರುಪೇರಾಗದು.

ಈ ಜಾಣ್ಮೆಗೆ ತೆರಬೇಕಾದ ಬೆಲೆಯೂ ಉಂಟು. ಕವಚ ಬಿರುಕು ಬಿಟ್ಟು ಬೇರೊಂದನ್ನು ತಂದಾಗ, ಎಂಜಿನ್ನಿನ ಜೊತೆಗೆ ಕೀಲೂ ಬದಲಾಗುತ್ತದೆ. ಒಂದೇ ಕುಲದ ಕವಚಗಳಾದರೂ ರಂಧ್ರದ ವ್ಯಾಸ, ಬೇರಿಂಗಿನ ಅಗಲ, ದಂಡದ ದಪ್ಪ ಇವು ಹೊಂದಲೇಬೇಕೆಂಬ ನಿಯಮವಿಲ್ಲ.

ಹೊಸ ರಂಧ್ರ ದೊಡ್ಡದಾದರೆ ಒಳಗೊಂದು ತೋಳುಬುಷ್ ಕೂರಿಸಬಹುದು. ಚಿಕ್ಕದಾದಾಗಲೇ ಪರೀಕ್ಷೆ. ದಂಡವನ್ನೇ ಸವೆಸಿ ತೂರಿಸುವ ಆಸೆ ಸಹಜ. ಆದರೆ 25 ಮಿಲಿಮೀಟರಿನ ಗಟ್ಟಿ ದಂಡವನ್ನು 20ಕ್ಕೆ ಇಳಿಸಿದರೆ ಬಾಗದೆ ನಿಲ್ಲುವ ಅದರ ಬಿಗುವು ಶೇಕಡ 41ಕ್ಕೆ ಕುಸಿಯುತ್ತದೆ. ಕವಚವನ್ನು ಕೊರೆದರೆ ಕಳೆದ ಲೋಹ ಮರಳಿ ಬಾರದು. ದಂಡವನ್ನು ಮುಟ್ಟದೆ, ಕಡಿಮೆ ದಪ್ಪದ ಸೂಜಿ ಬೇರಿಂಗನ್ನು ಹುಡುಕುವುದೇ ಮೊದಲ ವಿವೇಕ. ಕೀಲು ಪೂರ್ತಿ ತಿರುಗದೆ ಕೆಲವೇ ಡಿಗ್ರಿ ತೂಗುವುದರಿಂದ ಗುಂಡಿನ ಬೇರಿಂಗಿನಲ್ಲಿ ಒಂದೇ ಜಾಗಕ್ಕೆ ಪೆಟ್ಟು ಬಿದ್ದು ಗುಳಿಯಾಗುತ್ತದೆ. ಸೂಜಿಗಳು ಅದೇ ಭಾರವನ್ನು ಉದ್ದಕ್ಕೂ ಹಂಚಿಕೊಳ್ಳುತ್ತವೆ.

ಕೂರಿಸುವಾಗ ಸುತ್ತಿಗೆಗಿಂತ ಶಾಖವೇ ಮೇಲು. ಕವಚವನ್ನು 80 ಡಿಗ್ರಿಯಷ್ಟು ಹೆಚ್ಚು ಬಿಸಿಮಾಡಿದರೆ 40 ಮಿಲಿಮೀಟರಿನ ರಂಧ್ರ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ತಣ್ಣಗಿನ ಬೇರಿಂಗ್ ಪೆಟ್ಟಿಲ್ಲದೆ ಒಳಸರಿಯುತ್ತದೆ. ರಂಧ್ರವನ್ನು ಕೊರೆಯಲೇಬೇಕಾಗಿ ಬಂದರೆ ಎಡಬಲದ ಹೋಳುಗಳನ್ನು ಜೋಡಿಸಿ ಬಿಗಿದು ಒಂದೇ ಏಟಿಗೆ ಕೊರೆಯಬೇಕು. ಪ್ರತ್ಯೇಕವಾಗಿ ಕೊರೆದರೆ ಎರಡರ ನಡುಗೆರೆ ಕೂಡದೆ ಚಕ್ರ ಓರೆಯಾದೀತು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಉಳಿದಿದೆ. ಹಿಂದಿನ ಚಕ್ರವನ್ನು ನೆಲದಿಂದೆತ್ತಿ, ತೂಗುತೋಳಿನ ತುದಿಯನ್ನು ಹಿಡಿದು ಪಕ್ಕಕ್ಕೆ ಅಲುಗಿಸಬೇಕು. ‘ಟಕ್’ ಎಂಬ ಸದ್ದು ಕೇಳಿದರೆ, ಎಂಜಿನ್ ಎಷ್ಟೇ ಇಂಪಾಗಿ ಓಡುತ್ತಿರಲಿ, ಆ ವಾಹನ ಕೊಟ್ಟಿಗೆಯಿಂದ ಹೊರಡಕೂಡದು.